ದೇವರ ಜಗಲಿಯ ಮೇಲಿನ ಫಿಲ್ಟರು

ನನ್ನ ಮೊಮ್ಮಗಳು ಮನೆಗೆ ಬಂದಳು! ಹಾನಗಲ್ಲಿನ ದವಾಖಾನೆಯಿಂದ ನೆಟ್ಟಗೆ ನಮ್ಮ ಮನೆಗೆ, ತನ್ನ ತಾಯಿಯ ತವರಿಗೆ, ನಮ್ಮದೇ ಹಳೆಯ ಬಿಳಿ ಕಾರಿನಲ್ಲಿ ಬಂದಳು. ಮೂಗು ನಮ್ಮ ಮನೆತನದ್ದು. ತಲೆತುಂಬ ಕಪ್ಪು ಕೂದಲು. ಹಸಿವಾದರೆ ಇಡೀ ಓಣಿಗೆ ಕೇಳಿಸುವಂತೆ ಅಳುತ್ತಾಳೆ. ನಾನು ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳು, ಬರೆಯುವ ರೂಢಿಯಿಲ್ಲ. ಆದರೆ ಈ ಸಂತೋಷವನ್ನು ಎಲ್ಲಿಡಬೇಕೋ ತಿಳಿಯದೆ ಬರೆಯಲು ಕೂತಿದ್ದೇನೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಅದನ್ನೂ ಬರೆಯುತ್ತೇನೆ, ಬಿಡುವುದಿಲ್ಲ.

ಮೊದಲು ಸಿಟ್ಟು ನಮ್ಮ ಯಜಮಾನರ ಮೇಲೆ.

ಪ್ರತಿ ಅಮಾವಾಸ್ಯೆಗೆ ಅವರು ಕಾರಿಗೆ ಸ್ನಾನ ಮಾಡಿಸುತ್ತಾರೆ. ಪೈಪು ಹಿಡಿದು ಗಾಲಿಯಿಂದ ನೆತ್ತಿಯವರೆಗೆ ತೊಳೆದು, ವಿಭೂತಿ ಎಳೆದು, ಕಾಯಿ ಒಡೆಯುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ, ಎಲ್ಲರೂ ಮಾಡುತ್ತಾರೆ. ಆದರೆ ಹೋದ ಅಮಾವಾಸ್ಯೆಯ ನಂತರ ನಮ್ಮ ಕಾರು ಉಸಿರು ಕಟ್ಟಿದವರಂತೆ ಆಡತೊಡಗಿತು. ಹಿಂದಿನಿಂದ ಕರಿ ಹೊಗೆ. ಊರ ಕೆರೆಯ ಏರಿ ಹತ್ತುವಾಗ ನಾವೆಲ್ಲ ಇಳಿದು ನಡೆಯಬೇಕು, ಅದು ಖಾಲಿಯಾಗಿ ಗುರುಗುಡುತ್ತ ಹತ್ತಬೇಕು. ಗೋವಿನಜೋಳದ ರಾಶಿಯ ದಿನಗಳು, ರಸ್ತೆಯ ತುಂಬ ಧೂಳು. ನನ್ನ ಮಗ ಹಾನಗಲ್ಲಿನ ಗಾಡಿ ರಿಪೇರಿಯ ಮಿಸ್ತ್ರಿಯನ್ನು ಕೇಳಿ, ಗಾಳಿ ಸೋಸುವ ಫಿಲ್ಟರು ಕಟ್ಟಿರಬೇಕು ಎಂದು ಹೊಸದನ್ನು ತಂದಿಟ್ಟ.

ತಂದಿಟ್ಟ, ಹಾಕಲಿಲ್ಲ. ಹಾಕಲು ಇವರು ಬಿಡಲಿಲ್ಲ. ಹೊಸ ಸಾಮಾನನ್ನು ಅಮಾವಾಸ್ಯೆಯ ಪೂಜೆ ಆಗದೆ ಗಾಡಿಗೆ ಕೂಡಿಸಬಾರದು ಎಂದು ಅದನ್ನು ಡಬ್ಬಿಯ ಸಮೇತ ದೇವರ ಜಗಲಿಯ ಮೇಲೆ ಇಟ್ಟರು. ಕುಂಕುಮ ಹಚ್ಚಿದರು. ಅಂಗಳದಲ್ಲಿ ಕಾರು ಕೆಮ್ಮುತ್ತಿತ್ತು, ಒಳಗೆ ಅದರ ಔಷಧ ಹೂವು ಏರಿಸಿಕೊಂಡು ಕೂತಿತ್ತು.

ಅಷ್ಟರಲ್ಲಿ ಮಗಳ ಹೆರಿಗೆಯಾಯಿತು. ಚೊಚ್ಚಲು. ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದ ದಿನ ಬೆಳಿಗ್ಗೆ ರಟ್ಟೀಹಳ್ಳಿಯಿಂದ ಬೀಗತಿಯ ಫೋನು ಬಂತು, ಮಗಳ ಅತ್ತೆಯದು.

"ಏನ್ರೀ ಬೀಗತೇರ, ನಿಮ್ಮ ಗಾಡಿ ಕರೇ ಹೊಗಿ ಉಗಳತೈತಂತಲ್ರಿ? ಹಸಗೂಸನ್ನ ಅದರಾಗ ಹ್ಯಾಂಗ ತರತೀರಿ? ನಾವು ಹೊಂಟೇವಿ. ಬಾಣಂತಿನ್ನ ನಮ್ಮೂರಿಗೇ ಕರಕೊಂಡ ಹೊಕ್ಕೇವಿ."

"ತವರಮನಿ ಇನ್ನೂ ನಿಂತೈತ್ರಿ, ಬಿದ್ದಿಲ್ಲ."

"ಮನಿ ನಿಂತೈತ್ರಿ. ಗಾಡೀನೂ ನಿಂತೈತಿ!" ಎಂದು ನಕ್ಕು ಫೋನು ಇಟ್ಟರು.

ನನ್ನ ಮೈ ಉರಿದುಹೋಯಿತು. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಎಣ್ಣೆ ನೀರು, ಕೆಂಡದ ಕಾವು, ತಲೆಗೆ ಕಟ್ಟಿದ ಬಟ್ಟೆ, ತಣ್ಣೀರು ಮುಟ್ಟದ ಮೂರು ತಿಂಗಳು. ಅದು ನನ್ನ ಮಗಳ ಹಕ್ಕು. ಬೀಗತಿಯ ಹಿರಿಯ ಸೊಸೆ ಕೂಸಿಗೆ ತೊಟ್ಟಿಲು ಕಟ್ಟುವ ಮೊದಲೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳಂತೆ, ಮಗಳೇ ನನಗೆ ಹೇಳಿದ್ದಳು. ಇವಳೂ ಅಲ್ಲಿಗೆ ಹೋದರೆ ಅದೇ ಗತಿ. ಸೊಂಟದ ನೋವು ಮುಂದೆ ಯಾರು ತಿನ್ನಬೇಕು?

"ಬಾಡಿಗಿ ಗಾಡಿ ಹೇಳಿದ್ರಾತು," ಎಂದರು ಯಜಮಾನರು, ಚಹಾ ಬಸಿಯಿಂದ ಮುಖ ಎತ್ತದೆ.

"ಇವತ್ತ ಎಲ್ಲಾ ಕಡೆ ಮದುವಿ ಅದಾವು ಅಪ್ಪಾ. ಶಿಗ್ಗಾಂವ ಮಟಾ ಕೇಳೇನಿ, ಒಂದೂ ಗಾಡಿ ಇಲ್ಲ," ಎಂದ ಮಗ. ಆಮೇಲೆ ನನ್ನ ಕಡೆ ತಿರುಗಿ, "ಅವ್ವಾ, ಜಗಲಿ ಮ್ಯಾಲಿಂದು ಹಾಕಿದ್ರ ನಮ್ಮದ ಓಡತೈತಿ," ಎಂದ.

"ಅಮಾಸಿ ತನಕ ತಡೀರಿ. ಪೂಜಿ ಆಗಲಿ," ಎಂದರು ಇವರು.

"ಪೂಜಿ ಇನ್ನೂ ಆಗಿಲ್ಲೇನ್ರೀ? ದಿನಾ ಎರಡು ಹೊತ್ತು ಊದಿನಕಡ್ಡಿ ಹೊಗಿ ಕುಡದೈತಿ ಅದು! ಈ ಮನ್ಯಾಗ ನನಗೂ ಅಷ್ಟು ಪೂಜಿ ಆಗಿಲ್ಲ!"

ದೇವರಿಗೆ ಕೈ ಮುಗಿದು ಡಬ್ಬಿ ಎತ್ತಿಕೊಂಡು ಅಂಗಳಕ್ಕೆ ಬಂದೆ. ಮಗ ಬಾನೆಟ್ ಎತ್ತಿದ. ಇಂಜಿನ್ನಿನ ಪಕ್ಕದಲ್ಲಿ ಕರಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ನಾಲ್ಕು ಕಡೆ ಕ್ಲಿಪ್ಪು. ಅವನ್ನು ಬಿಚ್ಚಿ ಮುಚ್ಚಳ ಸರಿಸಿದರೆ ಒಳಗಿದ್ದದ್ದನ್ನು ನೋಡಿ ನನಗೆ ಅಸಹ್ಯವಾಯಿತು. ಮಡಿಕೆ ಮಡಿಕೆಯಾಗಿ ಮಡಿಚಿದ ಕಾಗದ, ಮಡಿಕೆಗಳ ತುಂಬ ಒಣಗಿದ ಕೆಸರು, ಕೆಸರಿನಲ್ಲಿ ಗೋವಿನಜೋಳದ ಹೊಟ್ಟು. ಮಗ ಅದನ್ನು ಬಿಸಿಲಿಗೆ ಹಿಡಿದ. ಒಂದು ಎಳೆ ಬೆಳಕೂ ಆಚೆ ಬರಲಿಲ್ಲ. ಆಮೇಲೆ ಮೂಗಿಗೆ ಹಿಡಿದ.

"ಅಪ್ಪಾ, ಸೋಪಿನ ವಾಸನಿ ಬರಾಕತ್ತೈತಿ. ಇದನ್ನ ತೊಳದೀರೇನು?"

"ಮತ್ತ? ಅಮಾಸಿಗೆ ಎತ್ತಿನ ಮೈ ತೊಳೀತಿದ್ದಿಲ್ಲೇನು ನಾವು? ಗಾಡಿಗೂ ಹಂಗ. ಹೊರಗಷ್ಟ ತೊಳದರ ಏನ ಬಂತು, ಒಳಗೂ ತೊಳೀಬೇಕು. ಸೋಪಿನಪುಡಿ ಹಾಕಿ ಚಂದಂಗ ತೊಳದೇನಿ." ಹೇಳುವಾಗ ಎದೆ ಉಬ್ಬಿಸಿದ್ದರು.

"ಇದು ಕಾಗದ ಅಪ್ಪಾ, ಅಂಗಿ ಅಲ್ಲ! ಒಣಗಿಸಿಯಾದರೂ ಹಾಕಿದ್ರೋ ಇಲ್ಲೋ?"

"ಓಡೂಮುಂದ ಗಾಳಿಗೆ ಒಣಗತೈತಿ ಅಂತ ಕೂಡಿಸಿದೆ."

ಹಸಿಯ ಮೇಲೆ ರಾಶಿಯ ಧೂಳು ಕೂತು ಕೆಸರಾಗಿ, ಕೆಸರು ಗೋಡೆಯಾಗಿತ್ತು. ಇಷ್ಟು ದಿನ ನಾವೆಲ್ಲ ಡೀಸೆಲ್ಲನ್ನು ಬೈದೆವು, ಇಂಜಿನ್ನನ್ನು ಬೈದೆವು, ಮಾರಿದವನನ್ನೂ ಬೈದೆವು. ಇವರು ಬಾಯಿ ಬಿಡದೆ ಕೇಳಿಕೊಂಡಿದ್ದರು!

"ಎತ್ತಿನ ಮೂಗಿಗೆ ಕೆಸರ ಮೆತ್ತಿ, ಏರಿ ಹತ್ತು ಅಂತ ಬಾರಕೋಲು ತಗೊಂಡಂಗಾತು! ನಿಮ್ಮ ಅಮಾಸಿ ಜಳಕದ ಸಲುವಾಗಿ ನನ್ನ ಮಗಳು ಹಸೀ ಮೈಯಾಗ ರೊಟ್ಟಿ ಬಡೀಬೇಕೇನ್ರೀ?"

ಯಜಮಾನರು ಅಲ್ಲಿಂದ ಎದ್ದು ಹೋಗಿ ತುಳಸಿಕಟ್ಟೆಯ ಹತ್ತಿರ ನಿಂತರು.

ನಾನು ಬಟ್ಟೆ ಅದ್ದಿಕೊಂಡು ಪೆಟ್ಟಿಗೆ ಒರೆಸಲು ಹೋದೆ. "ಅವ್ವಾ! ಒಣಾ ಅರಬಿ!" ಎಂದು ಮಗ ಕೂಗಿದ. ಕಟ್ಟೆಯ ಕಡೆಯಿಂದ ಕಿಸಕ್ ಎಂದು ನಗು ಕೇಳಿತು. ಆ ನಗುವಿಗೆ ಬಂದ ಸಿಟ್ಟು ಇನ್ನೂ ನನ್ನ ಹತ್ತಿರ ಇದೆ.

ಒಣ ಬಟ್ಟೆಯಲ್ಲಿ ಹೊಟ್ಟು, ಧೂಳು ಎಲ್ಲ ಒರೆಸಿ ತೆಗೆದೆವು. ಹೊಸದನ್ನು ಮಗ ಒಳಗಿಟ್ಟ. ಮುಚ್ಚಳ ಕೂಡಲಿಲ್ಲ. ಮೂರು ಕ್ಲಿಪ್ಪು ಹಾಕಿದರೆ ನಾಲ್ಕನೆಯದು ಎದ್ದು ನಿಲ್ಲುತ್ತಿತ್ತು. ನಾನು ಒತ್ತಿದೆ, ಮಗ ಒತ್ತಿದ. ಬೀಗರ ಕಾರು ಇಷ್ಟೊತ್ತಿಗೆ ಎಲ್ಲಿಗೆ ಬಂದಿರಬಹುದು ಎಂದು ನೆನೆಸಿ ಇನ್ನೂ ಜೋರಾಗಿ ಒತ್ತಿದೆ. ಆಗ ಯಜಮಾನರು ಬಂದು ಮಗನನ್ನು ಸರಿಸಿದರು. ಮುಚ್ಚಳ ಎತ್ತಿ, ಫಿಲ್ಟರಿನ ಅಂಚಿನ ಸುತ್ತ ಬೆರಳಾಡಿಸಿದರು. ಒಂದು ಮೂಲೆಯಲ್ಲಿ ರಬ್ಬರು ಒಳಗೆ ಮಡಚಿಕೊಂಡಿತ್ತು. ಅದನ್ನು ಬಿಡಿಸಿ ಕೂಡಿಸಿದರು. ಕ್ಲಿಪ್ಪುಗಳು ಟಕಟಕ ಬಿದ್ದವು.

"ಗಾಲಿಗೆ ಒಂದ ಲಿಂಬಿಹಣ್ಣು..." ಎಂದು ಶುರು ಮಾಡಿದರು.

"ಹತ್ರಿ ಗಾಡಿ!" ಎಂದೆ.

ಹಾನಗಲ್ಲಿಗೆ ಹೋಗುವಾಗ ಏರಿಯಿಂದ ಇಳಿಜಾರು, ಕಾರು ಸರಾಗವಾಗಿ ಓಡಿತು. ಆದರೆ ದವಾಖಾನೆಯ ಮುಂದೆ ಬೀಗರ ದೊಡ್ಡ ಕಾರು ಆಗಲೇ ನಿಂತಿತ್ತು. ಮಗಳ ಚೀಲಗಳು ಅದರ ಡಿಕ್ಕಿ ಸೇರಿದ್ದವು. ಅಳಿಯ ಪಕ್ಕದಲ್ಲಿ ನಿಂತು ಕೀಲಿ ತಿರುವುತ್ತಿದ್ದ. ನಾನು ಹೋದವಳೇ ಚೀಲ ಎಳೆದುಕೊಂಡೆ.

"ಕೂಸು ನಮ್ಮ ಮನೀದ್ರಿ," ಎಂದರು ಬೀಗತಿ.

"ಕೂಸು ನಿಮ್ಮದ. ಬಾಣಂತಿ ನಮ್ಮಾಕಿ. ಕೂಸಿಗೆ ಹಾಲು ಕುಡಸಾಕ ನಿಮಗ ಬಂದ್ರ ಒಯ್ಯಿರಿ!"

"ನಡದಾರ್ಯಾಗ ಆ ಗಾಡಿ ನಿಂತ್ರ? ಬಿಸಲಾಗ ಹಸಗೂಸು ತಗೊಂಡ ಏರಿ ಹತ್ತಸತೀರೇನು?"

ಮಾತು ಏರುತ್ತ ಹೋಯಿತು. ಹೋಗಿಬರುವವರು ನಿಂತು ನೋಡಿದರು. ಆಗ ಮೆಟ್ಟಿಲ ಮೇಲೆ ಕೂಸನ್ನು ಎತ್ತಿಕೊಂಡು ನಿಂತಿದ್ದ ಮಗಳು, ಯಾವತ್ತೂ ಅತ್ತೆಯ ಮುಂದೆ ದನಿ ಎತ್ತದವಳು, ಮೆಲ್ಲಗೆ ಹೇಳಿದಳು:

"ಅತ್ತೀ, ನೀವು ಹಿಂದ ಬರ್ರಿ. ಅಪ್ಪನ ಗಾಡಿ ಏರಿ ಹತ್ತಲಿಲ್ಲಂದ್ರ ನಾ ಇಳದು ನಿಮ್ಮ ಗಾಡಿಗೆ ಬರ್ತೇನಿ. ಹತ್ತಿತಂದ್ರ ಮೂರು ತಿಂಗಳು ಅವ್ವನ ಕಡೆ ಇರತೇನ್ರಿ."

ಬೀಗತಿ ಅಷ್ಟೂ ಮಂದಿಯ ಮುಖ ನೋಡಿ, "ಆಗಲೇಳವಾ," ಎಂದರು. ಹತ್ತುವುದಿಲ್ಲ ಎಂಬ ಧೈರ್ಯ ಅವರಿಗೆ.

ಏರಿ ಬಂತು. ಮಗ ಗೇರು ಬದಲಿಸಿದ. ಮಗಳು ನನ್ನ ಸೆರಗು ಹಿಡಿದುಕೊಂಡಳು. ಮುಂದೆ ಕೂತ ಯಜಮಾನರು ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಕಾರು ಐದು ಮಂದಿಯನ್ನು ಹೊತ್ತು, ಕೆಮ್ಮದೆ, ಗುರುಗುಡದೆ, ಒಂದೇ ದಮ್ಮಿನಲ್ಲಿ ಹತ್ತಿಬಿಟ್ಟಿತು. ಹಿಂದೆ ತಿರುಗಿ ನೋಡಿದೆ. ಹೊಗೆಯಿಲ್ಲದ ರಸ್ತೆಯಲ್ಲಿ ಬೀಗತಿಯ ಮುಖ ಗಾಜಿನೊಳಗೆ ಸ್ವಚ್ಛ ಕಾಣಿಸಿತು. ನಾನು ಮಗಳನ್ನು ತಬ್ಬಿಕೊಂಡು ಅತ್ತುಬಿಟ್ಟೆ, ಅಳುತ್ತಲೇ ಯಜಮಾನರನ್ನು ಬೈದೆ.

ಬಾಗಿಲಲ್ಲಿ ನನ್ನ ಸೊಸೆ, ಮಗನ ಹೆಂಡತಿ, ಆರತಿ ಹಿಡಿದು ನಿಂತಿದ್ದಳು. ಮನೆಯವರೆಗೆ ಬಂದ ಬೀಗರನ್ನು ಉಣ್ಣಿಸದೆ ಕಳಿಸುವ ಮನೆತನ ನಮ್ಮದಲ್ಲ. ಸಂಜೆ ಸೊಸೆ ರೊಟ್ಟಿ ಬಡಿದಳು, ನಾನು ಎಣ್ಣೆಗಾಯಿ ಮಾಡಿ, ಬೆಲ್ಲ ಹಾಕಿ ಸಜ್ಜಕ ಕುದಿಸಿದೆ. ಪಡಸಾಲೆಯಲ್ಲಿ ಎಲ್ಲರೂ ಒಂದೇ ಸಾಲಿಗೆ ಕೂತರು. ಬಾಣಂತಿಯ ಕೋಣೆಯ ಬಾಗಿಲನ್ನು ತೆರೆದಿಟ್ಟು, ಮಗಳಿಗೆ ಬಿಸಿ ಅನ್ನ, ಮೆಣಸಿನ ಸಾರು ಅಲ್ಲೇ ಕೊಟ್ಟೆ.

"ಮೂರು ತಿಂಗಳಂದ್ರ ಮೂರ ತಿಂಗಳ್ರಿ. ಮ್ಯಾಲ ಒಂದ ದಿನಾ ಬಿಡೂದಿಲ್ಲ," ಎಂದರು ಬೀಗತಿ.

"ಮೊದಲ ಕೈಯಾಗಿನ ರೊಟ್ಟಿ ಮುಗಸ್ರಿ," ಎಂದೆ.

ಅವರು ಮುಗಿಸಿದರು, ಇನ್ನೊಂದು ಕೇಳಿದರು. ಆಮೇಲೆ ತಾವೇ ಎದ್ದು ತುಪ್ಪದ ಗಿಂಡಿ ತೆಗೆದುಕೊಂಡು ಹೋಗಿ, ನನ್ನ ಮಗಳ ಅನ್ನದ ಮೇಲೆ ಧಾರಾಳವಾಗಿ ಸುರಿದು ಬಂದು ಕೂತರು. ಯಜಮಾನರು ತಾಟು ಮುಂದೆ ಮಾಡಿ ಸಜ್ಜಕ ಕೇಳಿದರು. ಎರಡು ಸೌಟು ಬಡಿಸಿದೆ. ಆಮೇಲೆ ನಾನೂ ಅವರ ಪಕ್ಕದಲ್ಲಿ ಕೂತು ಊಟಕ್ಕೆ ಕೈ ಹಾಕಿದೆ.