ಹಿಂದಿನ ಗಾಲಿಗೆ ಹಾಕಿದ ಸರಪಳಿ

ಅತ್ತೆ ಮಾವ ಹುಬ್ಬಳ್ಳಿಯಿಂದ ಕ್ರೈಸ್ಟ್‌ಚರ್ಚಿಗೆ ಬಂದು ಆರು ತಿಂಗಳಾಗುತ್ತ ಬಂದಿತ್ತು. ಮಂಗಳವಾರ ಅವರ ವಿಮಾನ. ಅದಕ್ಕೆ ಮೊದಲಿನ ಶನಿವಾರ ನಾವು ಆರ್ಥರ್ಸ್ ಪಾಸ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆವು. ಮೊದಲು ಹಾಕಿಕೊಂಡ ಯೋಜನೆಯಲ್ಲಿ ನಾಲ್ಕು ದಿನ, ಮೂರು ಉದ್ಯಾನಗಳಿದ್ದವು. ಗಂಡನಿಗೆ ರಜೆ ಸಿಗಲಿಲ್ಲ. ಆಮೇಲೆ ಏಳು ವರ್ಷದ ಮಗಳಿಗೆ ಜ್ವರ. ಅದು ಬಿಟ್ಟ ವಾರ ಬಿಡದೆ ಮಳೆ. ಕೊನೆಗೆ ಉಳಿದದ್ದು ಒಂದು ದಿನ, ಒಂದು ಉದ್ಯಾನ.

ಹೋಗಲೇಬೇಕು ಎಂದವರು ಅತ್ತೆ. ಬದರಿ ಯಾತ್ರೆಗೆ ಮೂರು ಸಲ ತಯಾರಿಯಾಗಿ ಮೂರೂ ಸಲ ಮಾವ ‘ಮುಂದಿನ ವರ್ಷ ನೋಡೂಣು’ ಎಂದಿದ್ದರು. ಈಗ ಅತ್ತೆಯ ಮಂಡಿ ಯಾವ ಯಾತ್ರೆಗೂ ಒಪ್ಪುತ್ತಿರಲಿಲ್ಲ. ಇಲ್ಲಿ ಕಾರಿನಲ್ಲಿ ಕುಳಿತೇ ಹಿಮದ ಬೆಟ್ಟದ ಬುಡ ಮುಟ್ಟಬಹುದು ಎಂದು ಅವರಿಗೆ ಹೇಳಿದ್ದು ನಾನು. ಆಕಾಶ ತಿಳಿಯಾಗಿದ್ದ ದಿನ ನಮ್ಮ ಮನೆಯ ಹಿತ್ತಿಲಿನಿಂದ ಪಶ್ಚಿಮಕ್ಕೆ ಬಿಳಿಯ ಗೆರೆಯೊಂದು ಕಾಣುತ್ತಿತ್ತು. ಬಟ್ಟೆ ಒಣಹಾಕುವಾಗ ಅದನ್ನು ತೋರಿಸಿದರೆ ಅತ್ತೆ ಒಪ್ಪಲಿಲ್ಲ.

“ಇಲ್ಲಿಂದ ನೋಡಿದ್ರ ನೋಡಿಧಂಗಲ್ಲವ್ವಾ. ಬುಡಕ್ಕ ನಿಂತು, ತಲಿ ಎತ್ತಿ ಕೈ ಮುಗೀಬೇಕು.”

ಏಳು ಗಂಟೆಗೆ ಹೊರಡಬೇಕಿತ್ತು. ಹೊರಟಾಗ ಒಂಬತ್ತೂ ಇಪ್ಪತ್ತು. ಮಾವನ ಪೂಜೆ, ಐದು ಜನಕ್ಕೆ ಇಪ್ಪತ್ತೆರಡು ಚಪಾತಿ, ಶೇಂಗಾ ಚಟ್ನಿ, ಮೊಸರನ್ನ, ಎರಡು ಥರ್ಮಾಸ್ ಚಹಾ. ದಾರಿಯಲ್ಲಿ ಊಟ ಸಿಗುತ್ತದೆ ಎಂದು ಗಂಡ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಗಾಲಿಗೆ ಹಾಕುವ ಹಿಮದ ಸರಪಳಿಯನ್ನು ಹಿಂದಿನ ಸಂಜೆ ಬಾಡಿಗೆಗೆ ತಂದಿದ್ದೆವು. ಅಂಗಡಿಯವನು ಅದನ್ನು ಹಾಕುವ ಬಗೆಯನ್ನು ತೋರಿಸಿಕೊಟ್ಟಿದ್ದ. ಆಗ ಗಂಡ ಫೋನಿನಲ್ಲಿದ್ದ. ನೋಡಿದವರು ನಾನು ಮತ್ತು ಮಗಳು. ನಿಮ್ಮದು ಮುಂದಿನ ಗಾಲಿ ಎಳೆಯುವ ಜಪಾನಿ ಕಾರು, ಮುಂದಕ್ಕೇ ಹಾಕಬೇಕು ಎಂದು ಅವನು ಎರಡು ಸಲ ಹೇಳಿದ. ಒಂದು ಹಾಳೆಯನ್ನೂ ಕೊಟ್ಟ.

ಸ್ಪ್ರಿಂಗ್‌ಫೀಲ್ಡ್ ಊರು ದಾಟಿದ ಮೇಲೆ ಕಿತ್ತಳೆ ಬಣ್ಣದ ಅಂಗಿಯವನೊಬ್ಬ ಕಾರುಗಳನ್ನು ನಿಲ್ಲಿಸುತ್ತಿದ್ದ. ಉದ್ಯಾನದ ದಾರಿಯಲ್ಲಿರುವ ಪೋರ್ಟರ್ಸ್ ಪಾಸ್ ಘಾಟಿ ಏರಲು ಸರಪಳಿ ಕಡ್ಡಾಯ, ಮೇಲೆ ಗಾಡಿ ನಿಲ್ಲಿಸುವ ತಂಗುದಾಣದಲ್ಲಿ ಹಾಕಿಕೊಳ್ಳಿ, ಮಧ್ಯಾಹ್ನ ಹವೆ ಕೆಡಲಿದೆ, ತಡ ಮಾಡಬೇಡಿ ಎಂದ. ತಂಗುದಾಣದಲ್ಲಿ ಆಗಲೇ ಏಳೆಂಟು ಕಾರುಗಳಿದ್ದವು. ರಸ್ತೆಯ ಅಂಚಿನ ಹಿಮ ಜಲ್ಲಿಪುಡಿ ಬೆರೆತು ಕಂದಾಗಿತ್ತು.

“ಅತ್ಯಾರ, ಇಳೀತೀರೇನು? ಇದೂ ಹಿಮಾನೇ” ಎಂದೆ.

ಅತ್ತೆ ಕಿಟಕಿಯಿಂದ ಒಮ್ಮೆ ನೋಡಿದರು. “ಇದು ರಾಡಿ. ಮ್ಯಾಲೆ ಹೋಗಿ ಇಳೀತೇನಿ.”

ಮಾವ ಆಗಲೇ ಇಳಿದು ತೋಳು ಮಡಚಿದ್ದರು. ಅವರು ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಫೋರ್‌ಮನ್ ಆಗಿ ನಿವೃತ್ತರಾದವರು. ಸರಪಳಿಯನ್ನು ಕೈಯಲ್ಲಿ ತೂಗಿ ನೋಡಿ ನೇರ ಕಾರಿನ ಹಿಂಬದಿಗೆ ನಡೆದರು.

ನಮ್ಮ ಮನೆಯಲ್ಲಿ ಸೊಸೆ ಮಾವನೊಂದಿಗೆ ಊಟ, ಔಷಧಿ, ಪತ್ರಿಕೆಯ ಸುದ್ದಿ ಮಾತಾಡಬಹುದು. ಅವರು ಹೇಳಿದ್ದು ತಪ್ಪು ಎನ್ನುವಂತಿಲ್ಲ. ಅಂಥ ಮಾತಿದ್ದರೆ ಗಂಡನಿಗೆ ಹೇಳಬೇಕು, ಅವನು ತನ್ನ ಮಾತೆಂಬಂತೆ ಅಪ್ಪನಿಗೆ ದಾಟಿಸಬೇಕು. ಹಾಗೆಯೇ ಮಾಡಿದೆ.

“ಅಂಗಡಿಯವ ಮುಂದಿನ ಗಾಲಿಗೆ ಅಂತ ಹೇಳ್ಯಾನ. ಹಾಳಿಯೊಳಗೂ ಅದ” ಎಂದು ಗಂಡನಿಗೆ ಮೆಲ್ಲಗೆ ಹೇಳಿದೆ.

“ಅಪ್ಪಾ, ಇದು ಫ್ರಂಟ್ ವೀಲ್ ಡ್ರೈವ್ ಇರಬೇಕು ನೋಡು” ಎಂದ ಅವನು.

“ಇರಬೇಕು ಅಂದ್ರ? ಗೊತ್ತದ ಏನು ನಿನಗ? ಗಾಡಿ ದೂಡೂದು ಹಿಂದಿನ ಗಾಲಿಲೇ. ಮುಂದಿನ್ವು ಬರೇ ತಿರಗ್ಲಿಕ್ಕೆ. ನೀ ಕಂಪ್ಯೂಟರ್ ನೋಡ್ಕೋ ಹೋಗು.”

ಗಂಡ ನನ್ನ ಕಡೆ ನೋಡಿದ. “ಜಗಳ ಬ್ಯಾಡ ಬಿಡು. ಅಪ್ಪಾಗ ಗೊತ್ತಿರ್ತದ” ಎಂದು ಬಗ್ಗಿ ಮಾವನಿಗೆ ಕೊಕ್ಕೆ ಹಿಡಿದು ಕೊಡತೊಡಗಿದ.

ಹಿಂದಿನ ಸೀಟಿನಿಂದ ಮಗಳು ಕಿಟಕಿ ಇಳಿಸಿದಳು. “ಅಮ್ಮಾ, ಅಜ್ಜ ಈಸ್ ಡೂಯಿಂಗ್ ಇಟ್ ರಾಂಗ್. ದ ಮ್ಯಾನ್ ಸೆಡ್ ಫ್ರಂಟ್!”

“ಸುಮ್ಮನ ಕೂಡು” ಎಂದೆ.

“ಬಟ್ ಹೀ ಸೆಡ್...”

“ಬಾಯಿ ಮುಚ್ಚು ಅಂದೆ.” ಒಳಗೆ ಕೈ ಹಾಕಿ ಕಿಟಕಿ ಏರಿಸಿದೆ.

ಈ ದೇಶಕ್ಕೆ ಬರುವ ಮುನ್ನ ಹುಬ್ಬಳ್ಳಿಯ ಪತ್ರಿಕೆಯೊಂದರ ಸುದ್ದಿ ತಿದ್ದುವ ಡೆಸ್ಕಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೆ. ತಪ್ಪು ಎಂದು ಗೊತ್ತಿದ್ದೂ ಒಂದು ಸಾಲನ್ನು ಅಚ್ಚಿಗೆ ಕಳಿಸಿದವರ ಜೊತೆ ಅಲ್ಲಿ ಯಾರೂ ಚಹಾ ಕುಡಿಯುತ್ತಿರಲಿಲ್ಲ. ಇಲ್ಲಿ ಹಾಳೆಯನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡೆ.

ಸರಪಳಿ ಬಿಗಿಯಲು ಐವತ್ತು ನಿಮಿಷ ಹಿಡಿಯಿತು. ನಮಗಿಂತ ತಡವಾಗಿ ಬಂದವರು ನಮ್ಮನ್ನು ದಾಟಿ ಹೋದರು. ಮಾವನ ಬೆರಳುಗಳು ಕೆಂಪಾಗಿದ್ದವು, ಕೈಗವಸು ಕೊಟ್ಟರೆ ಬೇಡ ಎಂದರು. ಕೆಲಸ ಮುಗಿಸಿ ಗಾಲಿಗೆ ಒಂದು ಒದೆ ಕೊಟ್ಟು, “ಈಗ ಕೈಲಾಸಕ್ಕೂ ಹೋಗ್ತದ” ಎಂದರು.

ಎರಡನೇ ತಿರುವಿನಲ್ಲಿ ಮುಂದಿನ ಗಾಲಿಗಳು ನಿಂತಲ್ಲೇ ಗಿರಗಿರ ತಿರುಗಿದವು. ಗಂಡ ಆಕ್ಸಿಲರೇಟರ್ ಇನ್ನಷ್ಟು ಒತ್ತಿದ. ಕಾರಿನ ಮೂತಿ ಅಡ್ಡಕ್ಕೆ ಜಾರಿ ಹಿಮದ ದಿಬ್ಬಕ್ಕೆ ಹೋಗಿ ಒರಗಿತು. ಯಾರಿಗೂ ಪೆಟ್ಟಾಗಲಿಲ್ಲ. ನಮ್ಮ ಹಿಂದೆ ಕಾರುಗಳ ಸಾಲು ಬೆಳೆಯಿತು.

ಯೂಟ್ ಎಂದು ಇಲ್ಲಿ ಕರೆಯುವ ತೆರೆದ ಹಿಂಬದಿಯ ಗಾಡಿಯೊಂದರಿಂದ ದಪ್ಪ ಟೊಪ್ಪಿಗೆಯ ರೈತ ಇಳಿದು ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿ ಹಿಂದಿನ ಗಾಲಿಗಳ ಹತ್ತಿರ ನಿಂತು ನಕ್ಕ. “ರಾಂಗ್ ಎಂಡ್, ಮೇಟ್. ಹಿಂದಕ್ಕೆ ಹೋಗೋ ಪ್ಲಾನ್ ಇತ್ತಾ?” ಎಂಬರ್ಥದ ಏನೋ ಹೇಳಿದ. ಗಂಡನೂ ನಕ್ಕ. ಮಾವ ನಗಲಿಲ್ಲ.

“ಜಪಾನಿನವರ ತಲಿ ನೋಡು! ಮುಂದಿನ ಗಾಲಿಲೇ ತಿರಗಸ್ತಾರಂತ, ಮುಂದಿನ ಗಾಲಿಲೇ ಎಳಸ್ತಾರಂತ. ನಮ್ಮ ಡಿಪೋದಾಗ ಹಿಂಗ ಮಾಡಿದ್ರ ಸಸ್ಪೆಂಡ್ ಮಾಡ್ತಿದ್ರು.”

ರೈತ ಹಗ್ಗ ಕಟ್ಟಿ ನಮ್ಮನ್ನು ತಂಗುದಾಣಕ್ಕೆ ಎಳೆದು ತಂದ. ಸರಪಳಿ ಬಿಚ್ಚಿ ಮುಂದಕ್ಕೆ ಹಾಕುವಷ್ಟರಲ್ಲಿ ಗಾಳಿ ಎದ್ದು ಎದುರಿನ ಗುಡ್ಡ ಕಾಣದಾಯಿತು. ಒಂದೂವರೆಗೆ ಕಿತ್ತಳೆ ಅಂಗಿಯವನು ಜೀಪಿನಲ್ಲಿ ಮೇಲೇರಿ ಬಂದು ರಸ್ತೆಗೆ ಅಡ್ಡಗಟ್ಟೆ ಇಟ್ಟ. ಪಾಸ್ ಮುಚ್ಚಿದೆ, ಎಲ್ಲರೂ ತಿರುಗಿ ಎಂದ. ನಮ್ಮನ್ನು ದಾಟಿ ಹೋದವರು ಆ ಹೊತ್ತಿಗೆ ಉದ್ಯಾನ ತಲುಪಿರಬೇಕು.

ಅತ್ತೆ ಕಾರಿನಿಂದ ಇಳಿಯಲೇ ಇಲ್ಲ. ಮಡಿಲಲ್ಲಿದ್ದ ಕೈಚೀಲವನ್ನು ಎರಡೂ ಕೈಯಿಂದ ಹಿಡಿದು ಎದುರಿನ ಬಿಳಿಯನ್ನು ನೋಡುತ್ತ ಕುಳಿತಿದ್ದರು.

ಸ್ಪ್ರಿಂಗ್‌ಫೀಲ್ಡಿನಲ್ಲಿ ಅಪ್ಪ ಮಗ ಬಿಸಿ ಚಹಾಕ್ಕೆಂದು ಇಳಿದರು. ಥರ್ಮಾಸಿನದು ಆರಿತ್ತು. ಮಗಳು ನಿದ್ದೆ ಹೋಗಿದ್ದಳು.

“ಕೂಸಿನ ಬಾಯಿ ಯಾಕ ಮುಚ್ಚಿಸಿದಿ?” ಎಂದು ಅತ್ತೆ ಕೇಳಿದರು.

ನಾನು ವಾಲಿದ್ದ ಮಗಳ ತಲೆಯನ್ನು ಸರಿಮಾಡಿದೆ.

“ನನಗ ಇಂಗ್ಲಿಷ್ ಬರೂದಿಲ್ಲ ಖರೆ. ಫ್ರಂಟ್ ಅಂದ್ರ ಏನಂತ ತಿಳೀತದ. ನಿನಗ ಗೊತ್ತಿತ್ತು.”

“ಗೊತ್ತಿತ್ತು. ನಾಕು ಜನರ ಮುಂದ ಹೇಳಿದ್ರ ಮಾವನವರಿಗೆ ಬ್ಯಾಸರ ಆಗ್ತಿತ್ತು, ಅತ್ಯಾರ.”

ಅತ್ತೆ ಅಂಗಡಿಯ ಗಾಜಿನ ಕಡೆ ಗದ್ದ ಎತ್ತಿ ತೋರಿಸಿದರು. ಒಳಗೆ ಮಾವ ಕೈ ಆಡಿಸುತ್ತ ಮಗನಿಗೆ ಏನನ್ನೋ ವಿವರಿಸುತ್ತಿದ್ದರು.

“ಎಲ್ಲಿ ಅದ ಬ್ಯಾಸರ? ನೋಡಲ್ಲೆ, ಬನ್ನು ತಿನ್ಲಿಕ್ಕತ್ತಾರ. ಬ್ಯಾಸರ ಆಗಿದ್ದು ನನಗ.”

ಮಾವ ಬಂದು ಕುಳಿತು ಸೀಟ್ ಬೆಲ್ಟ್ ಎಳೆದುಕೊಂಡರು. “ಏನೂ ಚಿಂತಿಲ್ಲ. ಮುಂದಿನ ಸಲ ಬಂದಾಗ ಸೀದಾ ತುದೀಗೇ ಹೋಗೂಣು” ಎಂದರು.

“ಮುಂದಿನ ಸಲ ನೀವೊಬ್ರೇ ಬರ್ರಿ” ಎಂದರು ಅತ್ತೆ. 

ಸರಪಳಿಯನ್ನು ಸೋಮವಾರ ಸಂಜೆಯವರೆಗೆ ಇಟ್ಟುಕೊಳ್ಳಬಹುದಿತ್ತು. ಭಾನುವಾರ ಬೆಳಿಗ್ಗೆ ಆರಕ್ಕೆ ರಸ್ತೆಯ ಸ್ಥಿತಿ ಹೇಳುವ ಸಂಖ್ಯೆಗೆ ಫೋನ್ ಮಾಡಿದೆ. ಗಂಡನ ಮೇಲೆ ಬಿಡದೆ ನಾನೇ ಓಡಿಸಿಕೊಂಡು ಹೋಗುವುದೆಂದು ನಿಶ್ಚಯಿಸಿದ್ದೆ. ಹಿಂದಿನ ಸಂಜೆ ಕಾರ್ ಶೆಡ್ಡಿನಲ್ಲಿ ಹಾಳೆ ಹಿಡಿದು ಸರಪಳಿಯನ್ನು ಮುಂದಿನ ಗಾಲಿಗೆ ಮೂರು ಸಲ ಹಾಕಿ ಬಿಚ್ಚಿದ್ದೆ. ಮೂರನೇ ಸಲಕ್ಕೆ ಹನ್ನೆರಡು ನಿಮಿಷ ಸಾಕಾಯಿತು. ಮಾವ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು.

ಫೋನಿನ ದನಿ ಪೋರ್ಟರ್ಸ್ ಪಾಸ್ ಮುಚ್ಚಿದೆ ಎಂದಿತು.

ಅತ್ತೆ ಸ್ನಾನ ಮಾಡಿ, ಎರಡು ಸ್ವೆಟರ್ ತೊಟ್ಟು ಅಡುಗೆಮನೆಯ ಕುರ್ಚಿಯಲ್ಲಿ ಕುಳಿತಿದ್ದರು. “ಏನಂತ?”

“ಇವತ್ತಿಲ್ಲ.”

ಸೋಮವಾರ ಬೆಳಿಗ್ಗೆ ನಾಲ್ಕೂ ಗಾಲಿ ಎಳೆಯುವ ಫೋರ್ ವೀಲ್ ಡ್ರೈವ್ ವಾಹನಗಳಿಗೆ ಮಾತ್ರ ಎಂದಿತು. ಅತ್ತೆ ಆ ದಿನವೂ ಕೇಳಿದರು, ನಾನು ಹೇಳಿದೆ. ಸ್ವೆಟರ್ ಬಿಚ್ಚಿ ಸೂಟ್‌ಕೇಸಿಗೆ ಹಾಕಿದರು. ಮಂಗಳವಾರ ನಾನು ಫೋನ್ ಮಾಡಲಿಲ್ಲ. ಹನ್ನೊಂದರ ಹೊತ್ತಿಗೆ ಅವರನ್ನು ವಿಮಾನ ನಿಲ್ದಾಣದಲ್ಲಿ ಬಿಟ್ಟು ಬಂದೆವು.

ಬುಧವಾರ ಮತ್ತೆ ಕೇಳಿದೆ. ಪಾಸ್ ತೆರೆದಿದೆ, ಎಲ್ಲ ವಾಹನಗಳೂ ಹೋಗಬಹುದು, ಸರಪಳಿ ಬೇಕಿಲ್ಲ ಎಂದಿತು.