ಸಕ್ಕೂಬಾಯಿ ಕೇಳದ ರೇಡಿಯೊ

ಲಕ್ಕಲಕಟ್ಟಿಯ ಸಕ್ಕೂಬಾಯಿಗೆ ರೇಡಿಯೊ ಕಂಡರೆ ಆಗುವುದಿಲ್ಲ. ಹಾಗೆಂದು ಊರೆಲ್ಲ ಹೇಳಿಕೊಂಡು ತಿರುಗುವವಳೂ ಅವಳೇ.

ಈ ಸುತ್ತಿನ ಯಾವ ಮದುವೆಯಾದರೂ ಸೋಬಾನೆಯ ಮೊದಲ ದನಿ ಅವಳದೇ ಆಗಿತ್ತು. ಮುಂದಿನಾಕೆ ಅರ್ಧ ಸಾಲು ಎತ್ತಬೇಕು, ಉಳಿದರ್ಧವನ್ನು ಹಿಂದಿನಾಕೆ ಮುಗಿಸಬೇಕು, ಪದ್ಧತಿ ಹಾಗೆ. ಸಕ್ಕೂಬಾಯಿಯ ಹಿಂದೆ ಕೂತು ವರ್ಷಗಟ್ಟಲೆ ಮುಗಿಸುತ್ತ ಬಂದವಳು ಪಕ್ಕದ ಮನೆಯ ನೀಲವ್ವ. ಮೆಲು ಮಾತಿನ ಹೆಂಗಸು, ಎದುರಾಡಿದವಳಲ್ಲ.

ಗಜೇಂದ್ರಗಡದಲ್ಲಿ ಎಫ್‌ಎಂ ಶುರುವಾದಾಗ ಎರಡು ಕೋಣೆ, ಮಾಳಿಗೆಯ ಮೇಲೊಂದು ಕಂಬ, ಅಷ್ಟೇ. ಮೊದಮೊದಲು ಬರೀ ಸಿನಿಮಾ ಹಾಡು. ಅವು ಎಲ್ಲರ ಫೋನಿನಲ್ಲೂ ಇದ್ದವು, ಇಲ್ಲಿ ಯಾರು ಕೇಳುತ್ತಾರೆ? ಕೊನೆಗೆ ಸ್ಟೇಷನ್ ನಡೆಸುವ ಪರಶು ಊರೂರು ತಿರುಗಿ ಹೆಂಗಸರ ಪದ ಹಾಡಿಸತೊಡಗಿದ. ಬೆಳಗಿನ ಹೊತ್ತು ಅವು ಬಂದದ್ದೇ ತಡ, ಪೇಟೆಯ ಮಗ್ಗದ ಮನೆಗಳಿಂದ ಹಿಡಿದು ಹಳ್ಳಿಯ ಹೊಲದವರೆಗೂ ಜನ ಕಿವಿಗೊಟ್ಟರು.

ಪರಶು ಮೊದಲು ಬಂದದ್ದು ಸಕ್ಕೂಬಾಯಿಯ ಬಾಗಿಲಿಗೇ. ಆದರೆ ಬರಿಗೈಲಿ ಬಂದಿದ್ದ. ಹಾಡಾಕೆಯನ್ನು ಕರೆಯುವವರು ತಟ್ಟೆಯಲ್ಲಿ ಕುಂಕುಮ, ಎಲೆ ಅಡಿಕೆ ಇಟ್ಟು ಕರೆಯಬೇಕು. ಪಾಪ, ಅವನಿಗೇನು ಗೊತ್ತು? ಇವಳು ಬಿಂಕ ಮಾಡಿ ಒಲ್ಲೆ ಅಂದಳು. ನಾಳೆ ತಟ್ಟೆ ಹಿಡಿದು ಬಂದೇ ಬರುತ್ತಾನೆಂದು ಒಳ್ಳೆಯ ಸೀರೆಯನ್ನೂ ತೆಗೆದಿಟ್ಟಳು. ಅವನು ನೆಟ್ಟಗೆ ಪಕ್ಕದ ಮನೆಗೆ ಹೋದ. ನೀಲವ್ವ ಕೈ ಒರೆಸಿಕೊಂಡು ಹಾಗೇ ಹೊರಟುಬಿಟ್ಟಳು.

ಅಂದಿನಿಂದ ಸಕ್ಕೂಬಾಯಿಗೆ ಹೊಟ್ಟೆಯುರಿ. ರೇಡಿಯೊದಲ್ಲಿ ನೀಲವ್ವ ಎರಡೂ ಅರ್ಧವನ್ನು ಒಬ್ಬಳೇ ಹಾಡುತ್ತಿದ್ದಳು, ಹೊಸ ನುಡಿಗಳನ್ನೂ ಕಟ್ಟುತ್ತಿದ್ದಳು. ಸಂತೆಯಲ್ಲಿ ಜನ ಅವಳನ್ನು ನಿಲ್ಲಿಸಿ ಮಾತಾಡಿಸುತ್ತಿದ್ದರು. ಅವಳ ದನಿ ಮೂಗಿನಲ್ಲಿ ಬರುತ್ತದೆ ಎಂದು ಇವಳು ಸೊಸೆಯ ಮುಂದೆ ಗೊಣಗುವಳು. ಕೇಳದವಳಿಗೆ ಅದು ಹೇಗೆ ಗೊತ್ತಾಯಿತೆಂದು ಸೊಸೆ ಭಾಗ್ಯಾ ಕೇಳಲಿಲ್ಲ. ದಿನಾ ಬೆಳಿಗ್ಗೆ ಅತ್ತೆ ಸಣ್ಣ ರೇಡಿಯೊ ಒಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ದನದ ಕೊಟ್ಟಿಗೆ ಸೇರುವುದನ್ನು ಅವಳು ಕಂಡಿದ್ದಳು.

ಮೊನ್ನೆ ಕನಕಪ್ಪನ ಮಗಳ ಮದುವೆ. ಕುಂಕುಮದ ತಟ್ಟೆ ಮೊದಲು ನೀಲವ್ವನ ಮುಂದೆ ಹೋಯಿತು. ಸಕ್ಕೂಬಾಯಿಯ ಮುಖ ಸುಟ್ಟ ಬದನೆಕಾಯಿ ಆಯಿತು. ಇವತ್ತು ಬಾಯಿ ಬಿಡುವುದೇ ಇಲ್ಲ, ಹಿಂದಿನ ದನಿಯಿಲ್ಲದೆ ಹೇಗೆ ಹಾಡುತ್ತಾಳೋ ನೋಡೋಣ ಎಂದು ತುಟಿ ಬಿಗಿದು ಕೂತಳು.

ನೀಲವ್ವ ರೇಡಿಯೊಗೆಂದು ತಾನೇ ಕಟ್ಟಿದ ನುಡಿ ಎತ್ತಿ, ರೂಢಿಯಂತೆ ಅರ್ಧಕ್ಕೆ ನಿಲ್ಲಿಸಿದಳು. ಹೆಂಗಸರು ಮುಖ ಮುಖ ನೋಡಿಕೊಂಡರು. ಎಲ್ಲರೂ ಕೇಳಿದ್ದರು, ಯಾರ ಬಾಯಿಗೂ ಬರಲಿಲ್ಲ. ಅಷ್ಟರಲ್ಲಿ ಉಳಿದರ್ಧ ಹಂದರದ ತುಂಬ ಮೊಳಗಿತು, ಒಂದಕ್ಷರವೂ ತಪ್ಪದೆ. ಹಾಡಿದವಳು ಸಕ್ಕೂಬಾಯಿ. ಹಾಡಿ ಮುಗಿದ ಮೇಲೇ ಅದು ಅವಳಿಗೂ ತಿಳಿದದ್ದು. ಸೆರಗು ಬಾಯಿಗೆ ಹೋಯಿತು.

“ದಿನಾ ಕೇಳತೀಯೇನಕ್ಕಾ?” ಎಂದು ನೀಲವ್ವ ಮೆಲ್ಲಗೆ ಕೇಳಿದಳು.

ಸಕ್ಕೂಬಾಯಿ ಅತ್ತ ಮುಖ ತಿರುಗಿಸಿದಳು. “ನಡುವ ಉಸುರು ಸಾಲಂಗಿಲ್ಲ ನಿನಗ. ಹಿಂದ ಒಬ್ಬಾಕಿ ಬೇಕ,” ಅಂದಳು. ಆಮೇಲೆ ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣ ದನಿಯಲ್ಲಿ ಸೇರಿಸಿದಳು: “ಆ ಪರಶೂಗ ಹೇಳು. ಎಲಿ ಅಡಕಿ ನಾನ ತರತೀನಿ.”