ಜ್ವರವಿಲ್ಲದ ಮನೆಯ ಬ್ರೆಡ್ಡು

ಬ್ರೆಡ್ಡು ಬೇಯುವ ವಾಸನೆ ಬಂದರೆ ಬೇರೆಯವರಿಗೆ ಹಸಿವಾಗುತ್ತದೆ, ನನಗೆ ಹೊಟ್ಟೆ ಉರಿಯುತ್ತದೆ. ಸಾಗರದ ನಮ್ಮ ಬೀದಿಯ ತಿರುವಿನಲ್ಲಿ ಈಚೆಗೆ ಒಂದು ಬೇಕರಿ ಶುರುವಾಗಿದೆ. ಬೆಳಿಗ್ಗೆ ಹಾಲು ತರಲು ಹೋದರೆ ಆ ಬಿಸಿ ವಾಸನೆ ಸೀದಾ ಮೂಗಿಗೆ ಬಡಿಯುತ್ತದೆ. ಜನ ಚಪ್ಪಲಿ ಮೆಟ್ಟಿಕೊಂಡು ಬಂದು, ಒಂದು ಪೊಟ್ಟಣ ಎತ್ತಿಕೊಂಡು, ಬೇರೆ ಏನೋ ಮಾತಾಡುತ್ತಾ ಹೋಗುತ್ತಾರೆ. ಯಾರಿಗೂ ಅದೊಂದು ವಿಶೇಷವಲ್ಲ. ನಾನು ಮಾತ್ರ ಒಂದು ಗಳಿಗೆ ನಿಂತು, ಹೊಸನಗರದ ನಮ್ಮ ಪಕ್ಕದ ಮನೆಯಾಕೆಯನ್ನು ನೆನೆದು, ಮುಖ ಗಂಟು ಹಾಕಿಕೊಂಡು ವಾಪಸು ಬರುತ್ತೇನೆ. ಇಷ್ಟು ವರ್ಷವಾದ ಮೇಲೂ…

ಅದು ಎಪ್ಪತ್ತರ ದಶಕದ ಕೊನೆ. ನಮ್ಮ ಮನೆಯವರು ಆಗ ಹೊಸನಗರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಬಾಡಿಗೆಯ ಸಾಲುಮನೆಗಳಲ್ಲಿ ಒಂದರಲ್ಲಿ ನಾವಿದ್ದೆವು. ಗೋಡೆಯಾಚೆಯ ಮನೆ ಬಹಳ ದಿನ ಖಾಲಿ ಬಿದ್ದಿತ್ತು. ಬ್ಯಾಂಕಿಗೆ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ಹೆಂಡತಿಯೊಡನೆ ಅಲ್ಲಿಗೆ ಬಂದರು. ಮೈಸೂರು ಕಡೆಯವರು. ಮದುವೆಯಾಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಆಕೆ ನನ್ನ ವಾರಿಗೆಯವಳೇ.

ಅವರು ಬಂದ ವಾರದಲ್ಲೇ ನಾನು ನಗೆಪಾಟಲಾದೆ. ಆಗ ನಮ್ಮೂರಲ್ಲಿ ಬ್ರೆಡ್ಡು ಎಂದರೆ ಔಷಧದ ಪೈಕಿ. ಸಾಗರದಿಂದ ಬಸ್ಸಿನ ಮೇಲೆ ಬರುತ್ತಿತ್ತು. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಬಾರ್ಲಿ, ಗ್ಲೂಕೋಸ್ ಡಬ್ಬಿಗಳ ಪಕ್ಕದಲ್ಲೇ ಅದರ ಜಾಗ. ಮೇಣದ ಕಾಗದದ ಆ ಪೊಟ್ಟಣ ಯಾರ ಕೈಯಲ್ಲಿ ಕಂಡರೂ ನಿಲ್ಲಿಸಿ, ಯಾರಿಗೆ ಹುಷಾರಿಲ್ಲ, ಎಷ್ಟು ದಿನದಿಂದ ಎಂದು ವಿಚಾರಿಸುವುದು ಮರ್ಯಾದೆ. ವಿಚಾರಿಸದೆ ದಾಟಿ ಹೋದರೆ ಅದೇ ಒಂದು ದೂರು. ಹೀಗಿರುವಾಗ ಬ್ಯಾಂಕಿನವರು ಸಂಜೆ ಬ್ರೆಡ್ಡು ಹಿಡಿದು ಬಂದದ್ದನ್ನು ಕಂಡೆ. ಮರುದಿನವೂ ತಂದರು. ಅದರ ಮರುದಿನವೂ. ಪಾಪ, ಹೊಸ ಊರು, ನೀರು ಒಗ್ಗಿಲ್ಲ, ನೋಡಿಕೊಳ್ಳುವವರು ಯಾರೂ ಇಲ್ಲ ಎಂದು ನನ್ನ ಕರುಳು ಚುರ್‍ ಎಂದಿತು. ಜೀರಿಗೆ, ಕಾಳುಮೆಣಸು ಕುಟ್ಟಿ ಒಂದು ಚೊಂಬು ಕಷಾಯ ಕಾಯಿಸಿ, ಸೆರಗಿನಲ್ಲಿ ಹಿಡಿದುಕೊಂಡು ಹೋಗಿ ಬಾಗಿಲು ತಟ್ಟಿದೆ.

"ಜ್ವರ ಬಿಡ್ತಾ? ಎಂತ ಆಗಿದ್ದು ಯಜಮಾನ್ರಿಗೆ?" ಎಂದೆ.

"ಜ್ವರಾನಾ? ಯಾರಿಗ್ರೀ?"

"ಅಲ್ಲ, ದಿನಾ ಬ್ರೆಡ್ ತರ್ತಿದ್ರಲ್ಲ…"

ಆಕೆ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. "ಅಯ್ಯೋ ದೇವ್ರೇ, ಯಾರಿಗೂ ಏನೂ ಆಗಿಲ್ಲ ಕಣ್ರೀ. ನಮ್ಮನೇಲಿ ಬೆಳಗಿನ ತಿಂಡೀನೇ ಅದು. ಬನ್ನಿ ಒಳಗೆ, ನೀವೂ ಒಂದು ತಿನ್ನಿ."

ಬೆಣ್ಣೆ ಸವರಿ ಕಾವಲಿಯ ಮೇಲೆ ಕೆಂಪಗೆ ಸುಟ್ಟು, ಮೇಲೆ ಸಕ್ಕರೆ ಉದುರಿಸಿ ಕೊಟ್ಟಳು. ಯಾವ ಕಾಯಿಲೆಯೂ ಇಲ್ಲದೆ ಬ್ರೆಡ್ಡು ತಿಂದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ರುಚಿಯಾಗಿತ್ತು. ಅದೇ ನನ್ನ ಸಿಟ್ಟು. ಆಕೆಯಾದರೋ ನಾನು ಒಯ್ದ ಕಷಾಯವನ್ನು ಒಂದು ಹನಿ ಬಿಡದೆ ಕುಡಿದು, "ಎಷ್ಟು ಚೆನ್ನಾಗಿದೆ ರೀ, ನಂಗೂ ಕಲಿಸಿಕೊಡಿ" ಎಂದಳು. ಹೀಗೆ ಒಳ್ಳೆಯವರಾಗಿರುವವರ ಮೇಲೆ ಮುನಿಸಿಕೊಳ್ಳುವುದೂ ಕಷ್ಟ.

ಒಳಗೆ ಒಮ್ಮೆ ಕಾಲಿಟ್ಟ ಮೇಲೆ ನನ್ನ ಕಣ್ಣು ಸುಮ್ಮನಿರಲಿಲ್ಲ. ಬಚ್ಚಲಲ್ಲಿ ಗಂಡನಿಗೊಂದು ಸೋಪು, ಹೆಂಡತಿಗೊಂದು ಸೋಪು, ಎರಡಕ್ಕೂ ಮುಚ್ಚಳದ ಡಬ್ಬಿ. ನಮ್ಮಲ್ಲಿ ಇಡೀ ಮನೆಗೆ ಒಂದು ಕೆಂಪು ಸೋಪು. ಬೇಗ ಸವೆಯಬಾರದೆಂದು ಅದನ್ನೂ ನಾನು ದಾರ ಹಾಕಿ ಎರಡು ತುಂಡು ಮಾಡಿ, ಒಂದನ್ನು ಬಚ್ಚಲಿಗೆ ಕೊಟ್ಟು ಇನ್ನೊಂದನ್ನು ಅಟ್ಟಕ್ಕೆ ಸೇರಿಸುತ್ತಿದ್ದೆ. ಆಕೆ ಸೋಪು ಸುತ್ತಿಬಂದ ಕಾಗದವನ್ನೂ ಬಿಸಾಡದೆ ಸೀರೆಗಳ ನಡುವೆ ಇಡುತ್ತಿದ್ದಳು, ಟ್ರಂಕು ತೆಗೆದರೆ ಘಮ್ಮೆನ್ನುತ್ತಿತ್ತು. ಹಲ್ಲಿಗೆ ಪೇಸ್ಟು. ಮುಖಕ್ಕೆ ಗುಲಾಬಿ ಹೂವಿನ ಚಿತ್ರದ ಡಬ್ಬಿಯ ಪೌಡರು. ನನ್ನ ಹತ್ತಿರ ಇದ್ದದ್ದು ಮದುವೆಯಲ್ಲಿ ಬಂದ ಒಂದು ಪೌಡರ್ ಡಬ್ಬಿ. ಅದು ಖಾಲಿಯಾಗಿ, ಅದರೊಳಗೆ ಗುಂಡುಸೂಜಿಗಳು ಸೇರಿ ಎಷ್ಟೋ ಕಾಲವಾಗಿತ್ತು.

ಮನೆಗೆ ಬಂದು ಇಷ್ಟನ್ನೂ ವರದಿ ಒಪ್ಪಿಸಿದರೆ ನಮ್ಮ ಮನೆಯವರು ನಶ್ಯದ ಡಬ್ಬಿ ತಟ್ಟುತ್ತಾ, "ಅವೆಲ್ಲ ಷೋಕಿ ಮಾರಾಯ್ತಿ. ಬದುಕೋಕೆ ಬೇಕಾ ಅದು?" ಎಂದರು. ಈ ಮಹಾರಾಯರ ನಶ್ಯ ಮಾತ್ರ ತೀರ್ಥಹಳ್ಳಿಯ ಒಂದೇ ಒಂದು ಅಂಗಡಿಯದ್ದಾಗಬೇಕು. ಬೇರೆ ಕಡೆಯದು ತಂದರೆ ಸೀನೇ ಬರುವುದಿಲ್ಲವಂತೆ, ಕಚೇರಿಯಲ್ಲಿ ತಲೆ ಓಡುವುದಿಲ್ಲವಂತೆ. ಯಾರಾದರೂ ತೀರ್ಥಹಳ್ಳಿಯ ಕಡೆ ಹೊರಟರೆಂದು ಕಿವಿಗೆ ಬಿದ್ದರೆ ಸಾಕು, ಬಸ್‌ಸ್ಟ್ಯಾಂಡಿನವರೆಗೂ ಹಿಂದೆಯೇ ಹೋಗಿ ಹೇಳಿ ಬರುತ್ತಿದ್ದರು. ಗಂಡಸರ ಮೂಗಿಗೆ ಹೋಗುವುದೆಲ್ಲ ಅಗತ್ಯ, ಹೆಂಗಸರ ಮುಖಕ್ಕೆ ಹೋಗುವುದೆಲ್ಲ ಷೋಕಿ. ನಮ್ಮ ಮನೆಯ ಕಾನೂನು ಹಾಗಿತ್ತು.

ಸಾಮಾನಿನ ಹೊಟ್ಟೆಕಿಚ್ಚಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ನನಗೊಬ್ಬಳು ಮಗಳಿದ್ದಳು. ಒಬ್ಬಳೇ ಮಗಳು, ಆಗಷ್ಟೇ ಶಾಲೆಗೆ ಸೇರಿದ್ದಳು. ಮೊದಮೊದಲು ಬ್ರೆಡ್ಡಿನ ಆಸೆಗೆ ಆ ಮನೆಗೆ ಹೋದಳು. ಆಮೇಲೆ ಬ್ರೆಡ್ಡು ಇಲ್ಲದ ದಿನವೂ ಹೋದಳು.

ಆಕೆಗೆ ಮಗುವಿನ ಬಾಯಲ್ಲಿ 'ಚಿಕ್ಕಮ್ಮ' ಅನ್ನಿಸಿಕೊಳ್ಳುವ ಆಸೆಯಿತ್ತು. ನಾನು ಮಗಳಿಗೆ, "ಅತ್ತೆ ಅನ್ನು, ಸಾಕು" ಎಂದುಬಿಟ್ಟೆ. ಅತ್ತೆಯಾದರೆ ಒಂದು ಮಾರು ದೂರದಲ್ಲಿರುತ್ತಾಳೆ ಎಂದು ನನ್ನ ಎಣಿಕೆ. ಏನು ಪ್ರಯೋಜನ? ಶಾಲೆಯಿಂದ ಬಂದವಳು ಚೀಲವನ್ನು ನಮ್ಮ ಜಗಲಿಯ ಮೇಲೆ ಎಸೆದು ಪಕ್ಕದ ಬಾಗಿಲಿಗೆ ಓಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಮುಖ ತೊಳೆದು, ಎರಡು ಜಡೆ ಹಾಕಿಸಿಕೊಂಡು, ಪೌಡರು ಬಳಿಸಿಕೊಂಡು ಬರುತ್ತಿದ್ದಳು. ಮೈಯೆಲ್ಲ ಆ ಮನೆಯ ಪರಿಮಳ. ನನ್ನ ಮಗು ನನ್ನ ಮನೆಯೊಳಗೆ ಬಂದರೆ ನೆಂಟರ ಮನೆಯ ಮಗು ಬಂದ ಹಾಗೆ! ನಾನು ಅವಳನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ಕೆಂಪು ಸೋಪು ಹಚ್ಚಿ ಮತ್ತೊಮ್ಮೆ ತಿಕ್ಕುತ್ತಿದ್ದೆ.

"ಈಗಷ್ಟೇ ತೊಳ್ದಿದ್ದಲ್ವಾ ಅಮ್ಮ?" ಎಂದು ಅಳುತ್ತಿದ್ದಳು.

"ಬೀದಿ ಧೂಳು," ಎನ್ನುತ್ತಿದ್ದೆ. ಎರಡು ಬಾಗಿಲಿನ ನಡುವೆ ಎಲ್ಲಿಯ ಬೀದಿ, ಎಲ್ಲಿಯ ಧೂಳು!

ಒಮ್ಮೆ ಮದುವೆಯೊಂದಕ್ಕೆ ಸಾಗರಕ್ಕೆ ಬಂದಾಗ, ಪೇಟೆಯಲ್ಲಿ ಹುಡುಕಿ ಹುಡುಕಿ ಅದೇ ಗುಲಾಬಿ ಚಿತ್ರದ ಪೌಡರು ಕೊಂಡೆ. ದಾರಿಯುದ್ದಕ್ಕೂ ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಬಂದು, ಮರುದಿನ ಬೆಳಿಗ್ಗೆ ಮಗಳ ಮುಖಕ್ಕೆ, ಕತ್ತಿಗೆ, ಕೈಗೆ ಧಾರಾಳವಾಗಿ ಬಳಿದೆ. ಅವಳು ತನ್ನ ಕೈಯನ್ನೇ ಮೂಸಿ ನೋಡಿಕೊಂಡಳು.

"ಇದು ಅತ್ತೆ ವಾಸನೆ ಅಲ್ಲ."

"ಅದೇ ಕಣೇ! ಅದೇ ಡಬ್ಬಿ, ಅದೇ ಗುಲಾಬಿ, ನೋಡು!"

"ಡಬ್ಬಿ ಅದೇ. ವಾಸನೆ ಅದಲ್ಲ."

ಆ ಡಬ್ಬಿಯನ್ನು ಎತ್ತಿ ಅಟ್ಟಕ್ಕೆ ಹಾಕಿದೆ. ಬೇಸಿಗೆಯಲ್ಲಿ ಅದನ್ನು ಹುಡುಕಿ ತೆಗೆದು, ಬೆವರಿಗೆ ಒಳ್ಳೆಯದೆಂದು ಬೆನ್ನಿಗೆಲ್ಲ ಸುರಿದುಕೊಂಡು ಮುಗಿಸಿದವರು ಷೋಕಿ ಬೇಡವೆಂದ ಮಹಾರಾಯರೇ.

ಹಿತ್ತಲ ಬಾವಿ ಎರಡೂ ಮನೆಗೆ ಸೇರಿದ್ದು. ಒಂದು ಬೆಳಿಗ್ಗೆ ನೀರು ಸೇದುತ್ತಾ ಆಕೆ, "ನಿಮ್ಮನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ ರೀ" ಎಂದಳು. ನಗುತ್ತಲೇ ಹೇಳಿದಳು, ಆದರೆ ಹಗ್ಗ ಹಿಡಿದ ಕೈ ನಿಂತಿತ್ತು. "ನಮ್ಮನೇಲಿ ಏನು ತಂದಿಟ್ರೂ ಇಟ್ಟ ಜಾಗದಲ್ಲೇ ಇರುತ್ತೆ. ಒಂದು ಕಪ್ಪು ಒಡೆಯಲ್ಲ, ಒಂದು ಡಬ್ಬಿ ಚೆಲ್ಲಲ್ಲ. ನಿಮ್ಮ ಮಗಳು ಬಂದು ಸಕ್ಕರೆ ಚೆಲ್ಲಿ ಹೋದ್ರೆ ಗುಡಿಸೋಕೆ ಮನಸ್ಸೇ ಬರಲ್ಲ ನಂಗೆ."

ಬೇರೆ ಯಾರಾದರೂ ಆಗಿದ್ದರೆ ಕರಗಿ ನೀರಾಗುತ್ತಿದ್ದರೋ ಏನೋ. ನನಗೆ ಮಹಾ ಖುಷಿಯಾಯಿತು. ಎಲ್ಲ ಇರುವವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಆ ದಿನ ಕಾರಣವಿಲ್ಲದೆ ಪಾಯಸ ಮಾಡಿದೆ. ಮಗಳು ಅದರಲ್ಲೂ ಅರ್ಧವನ್ನು ಲೋಟದಲ್ಲಿ ಹಾಕಿಸಿಕೊಂಡು ಅತ್ತೆಗೆ ಕೊಟ್ಟು ಬಂದಳು.

ಆಮೇಲೆ ಮಗಳಿಗೆ ಜ್ವರ ಬಂತು. ಈ ಸಲ ನಮ್ಮ ಮನೆಗೆ ನ್ಯಾಯವಾಗಿ ಬ್ರೆಡ್ಡು ಬರಬೇಕಾದ ಜ್ವರ. ನಾನೇ ಪಕ್ಕದಲ್ಲಿ ಕೂತು, ಹಾಲಲ್ಲಿ ಅದ್ದಿ ತಿನ್ನಿಸಬೇಕು ಎಂದುಕೊಂಡೆ. ಅಂಗಡಿಗೆ ಹೋದ ನಮ್ಮ ಮನೆಯವರು ಬರಿಗೈಯಲ್ಲಿ ಬಂದರು.

"ಬಸ್ಸು ಆನಂದಪುರದ ಹತ್ರ ಕೆಟ್ಟು ನಿಂತಿದ್ಯಂತೆ. ಪಕ್ಕದ ಮನೇಲಿ ಕೇಳ್ಲಾ?"

"ಬ್ಯಾಡ. ಗಂಜಿ ಉಂಡ್ರೆ ಎಂತ ಆಗುತ್ತೆ? ನಾವೆಲ್ಲ ಗಂಜಿ ಉಂಡೇ ಬೆಳ್ದಿದ್ದು" ಎಂದೆ.

ಮಗಳು ಗಂಜಿಗೆ ತುಟಿ ಬಿಚ್ಚಲಿಲ್ಲ. ಗದರಿದೆ, ಮುದ್ದು ಮಾಡಿದೆ, ಬಿಸಿ ಆರಿಸಿ ಆರಿಸಿ ಬಾಯಿಗೆ ಒಡ್ಡಿದೆ. ಬಿಗಿದ ತುಟಿ ಬಿಗಿದ ಹಾಗೆಯೇ ಇತ್ತು. ಗೋಡೆಯಾಚೆ ಎಲ್ಲ ಕೇಳಿಸಿರಬೇಕು. ಆಕೆ ಒಂದು ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಳು. "ನಿನ್ನೇದು ಎರಡು ಹೋಳು ಉಳಿದಿತ್ತು. ಹಾಲಲ್ಲಿ ಹಾಕಿದ್ದೀನಿ. ನೀವೇ ತಿನ್ನಿಸಿ" ಎಂದು ಬಟ್ಟಲನ್ನು ನನ್ನ ಕೈಗೇ ಕೊಟ್ಟಳು.

ನಾನು ತುತ್ತು ಹಿಡಿದೆ. ಮಗಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. "ಅತ್ತೆ ತಿನ್ನಿಸ್ಲಿ."

ಬಟ್ಟಲನ್ನು ವಾಪಸು ಕೊಟ್ಟೆ, ಇನ್ನೇನು ಮಾಡಲಿ? ಆಕೆ ಚಾಪೆಯ ಅಂಚಿನಲ್ಲಿ ಕೂತು, ನನ್ನ ಕಡೆ ಕಣ್ಣೆತ್ತದೆ, ಎರವಲು ತಂದ ಬೆಳ್ಳಿ ಲೋಟ ಹಿಡಿದವರ ಹಾಗೆ ಹುಷಾರಾಗಿ ತಿನ್ನಿಸಿದಳು. ಮಗಳು ಒಂದೊಂದೇ ತುತ್ತು ನುಂಗಿದಳು. ನಾನು ಆರಿದ ಗಂಜಿಯ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದೆ. ಆ ದಿನ ನನ್ನ ಮೈಯ ಉರಿಗೆ ಹೋಲಿಸಿದರೆ ಮಗಳ ಜ್ವರವೇ ತಂಪಾಗಿತ್ತು.

ಬ್ಯಾಂಕಿನವರು ಒಂದೇ ಊರಲ್ಲಿ ಬಹಳ ಕಾಲ ಇರುವುದಿಲ್ಲ. ವರ್ಗದ ಸುದ್ದಿ ಬಂದಾಗ ನನಗಾದ ಸಂತೋಷವನ್ನು ಮುಚ್ಚಿಡಲು ನಾನು ಪಟ್ಟ ಪಾಡು ನನಗೇ ಗೊತ್ತು. ಹೊರಡುವ ದಿನ ಸಾಮಾನಿನ ಲಾರಿ ಮುಂದೆ ಹೋಯಿತು, ಬಾಡಿಗೆ ಕಾರು ಬಾಗಿಲಿಗೆ ಬಂತು. ಅರಿಶಿನ ಕುಂಕುಮ ಕೊಡಲು ತಟ್ಟೆ ಹಿಡಿದು ನಾನು ಹೊರಗೆ ಬಂದು ನೋಡಿದರೆ, ನನ್ನ ಮಗಳು ಶಾಲೆಯ ಚೀಲದಲ್ಲಿ ಎರಡು ಲಂಗ ತುರುಕಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದಾಳೆ!

ಎಲ್ಲರೂ ನಕ್ಕರು. ಬ್ಯಾಂಕಿನವರು, "ಇಳಿಯಮ್ಮ, ಬೇಸಿಗೆ ರಜಾಕ್ಕೆ ಬರುವೆಯಂತೆ" ಎಂದು ಪುಸಲಾಯಿಸಿದರು. ನಮ್ಮ ಮನೆಯವರು ಗದರಿದರು. ಅವಳು ಸೀಟನ್ನು ಬಿಗಿಯಾಗಿ ಹಿಡಿದುಕೊಂಡಳು. ನೀನು ಕರಿ ಎಂಬಂತೆ ಎಲ್ಲರೂ ನನ್ನ ಮುಖ ನೋಡಿದರು. ನಾನು ಕರೆಯಲಿಲ್ಲ. ಕರೆದ ಮೇಲೂ ಬರದಿದ್ದರೆ? ಅಷ್ಟು ಜನರ ಎದುರು, ಆಕೆಯ ಎದುರು…

ಆಕೆ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಕಾರಿನ ಬಾಗಿಲು ತೆಗೆದು, ನಾನು ಎಂದೂ ಕೇಳಿರದ ದನಿಯಲ್ಲಿ, "ಇಳಿ ಕೆಳಗೆ! ನೀನೇನು ನನ್ನ ಮಗಳಾ? ಹೋಗು ನಿಮ್ಮಮ್ಮನ ಹತ್ರ!" ಎಂದು ರೇಗಿದಳು. ಮಗು ಬೆಚ್ಚಿತು. ಧಡಕ್ಕನೆ ಇಳಿದು, ಬಿಕ್ಕುತ್ತಾ ಓಡಿಬಂದು ನನ್ನ ಸೀರೆಯಲ್ಲಿ ಮುಖ ಹುದುಗಿಸಿತು. ಕಾರು ಹೊರಟಿತು. ಆಕೆ ಹಿಂದಕ್ಕೆ ತಿರುಗಲಿಲ್ಲ. ನನ್ನ ತಟ್ಟೆಯಲ್ಲಿ ಕುಂಕುಮ ಹಾಗೆಯೇ ಉಳಿಯಿತು.

ಮಗಳು ನನ್ನ ಹತ್ತಿರ ತಾನಾಗಿಯೇ ಬಂದಳೆಂದು ನಾನು ಸಮಾಧಾನ ಪಟ್ಟುಕೊಳ್ಳುವಂತಿರಲಿಲ್ಲ. ಆಕೆ ಕಳಿಸಿಕೊಟ್ಟಳು. ಮಗುವಿನ ಕಣ್ಣಿಗೆ ಕೆಟ್ಟವಳಾಗಿ, ಅದನ್ನು ನನಗೆ ಬಿಟ್ಟುಕೊಟ್ಟು ಹೋದಳು. ಅಂಥ ಧೈರ್ಯ ನನಗಿರಲಿಲ್ಲ. ಅದಕ್ಕೂ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಮಗುವಿನ ಮುನಿಸು ಎಷ್ಟು ದಿನದ್ದು? ದೊಡ್ಡವಳಾಗಿ, ಮದುವೆಯಾಗಿ, ತೀರ್ಥಹಳ್ಳಿಯಲ್ಲಿ ಶಾಲೆಯ ಮೇಡಂ ಆದ ಮೇಲೆ ಮಗಳು ಆಗಾಗ ಮೈಸೂರಿಗೆ ಹೋಗಿ ಆಕೆಯನ್ನು ನೋಡಿಕೊಂಡು ಬರುತ್ತಿದ್ದಳು. ನನಗೆ ಗೊತ್ತಿತ್ತು. ನಾನು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ಅವಳ ಅಪ್ಪ ಹೋದಾಗ ಇಲ್ಲಿ ಕಣ್ಣೀರು ಹಾಕದೆ ಓಡಾಡಿ ಎಲ್ಲ ಕಾರ್ಯ ಮುಗಿಸಿದವಳು, ಆಮೇಲೆ ಅಲ್ಲಿಗೆ ಹೋಗಿ ಅತ್ತು ಬಂದಳೆಂದೂ ಗೊತ್ತು.

ಹೋದ ತಿಂಗಳು ಆಕೆ ತೀರಿಕೊಂಡಳು. ಮಗಳು ಮೈಸೂರಿಗೆ ಹೋಗಿ, ವಾಪಸು ಬರುವಾಗ ತೀರ್ಥಹಳ್ಳಿಗೆ ಹೋಗದೆ ಸೀದಾ ಸಾಗರಕ್ಕೆ, ನನ್ನ ಮನೆಗೆ ಬಂದಳು. ಚೀಲ ಕೆಳಗಿಟ್ಟು, ಕೂತಿದ್ದ ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗಿದಳು. ಐವತ್ತು ದಾಟಿದ, ತಲೆ ನರೆತ ಹೆಂಗಸು ಮಗುವಿನಂತೆ ಅತ್ತಳು. ಸುಳ್ಳು ಯಾಕೆ ಹೇಳಲಿ, ನನಗೆ ಮೊದಲು ಬಂದದ್ದು ಅದೇ ಹಳೆಯ ಉರಿ. ನಾನು ಹೋದಾಗಲೂ ಇಷ್ಟು ಅಳುತ್ತಾಳಾ ಇವಳು ಎಂದು ನೋಡುತ್ತಾ ಕೂತೆ.

ಆಮೇಲೆ ಇನ್ನೊಂದು ಯೋಚನೆ ಬಂತು. ನಾನು ಹೋದ ದಿನ ಇವಳು ಎಲ್ಲಿಗೆ ಹೋಗಿ ಅಳಬೇಕು? ಗಂಡ ಇದ್ದಾನೆ, ಮಕ್ಕಳಿದ್ದಾರೆ, ಅವರೆದುರು ಗಟ್ಟಿಯಾಗಿಯೇ ಇರುತ್ತಾಳೆ. ಆಕೆ ಇದ್ದಿದ್ದರೆ, ಕಾರ್ಯವೆಲ್ಲ ಮುಗಿಸಿ ಇವಳು ಹತ್ತುತ್ತಿದ್ದದ್ದು ಮೈಸೂರಿನ ಬಸ್ಸನ್ನೇ. ಅಲ್ಲೀಗ ಯಾರೂ ಇಲ್ಲ.